ಮ್ಯಾಗ್ನಮ್ ರಿವಾಲ್ವರುಗಳು: ಬಲ ಹೆಚ್ಚಿದಂತೆ ಭರವಸೆಯೂ ಹೆಚ್ಚುವುದೆ?

ಭೌತವಿಜ್ಞಾನದ ಪಠ್ಯಪುಸ್ತಕ ಯಾವುದೇ ಇರಲಿ, ನ್ಯೂಟನ್ನನ ಮೂರನೆಯ ನಿಯಮದ ಪಾಠ ಮುಗಿಯುವಲ್ಲಿ ಬಂದೂಕಿನ ಲೆಕ್ಕವೊಂದು ತಪ್ಪದೆ ಇರುತ್ತದೆ. ಗುಂಡಿನ ತೂಕ ಇಷ್ಟು, ಅದರ ವೇಗ ಇಷ್ಟು, ಬಂದೂಕಿನ ತೂಕ ಇಷ್ಟು. ಹಾಗಾದರೆ ಬಂದೂಕು ಹಿಂದಕ್ಕೆ ಸರಿಯುವ ವೇಗವೆಷ್ಟು? ವಿದ್ಯಾರ್ಥಿಗಳು ಎರಡು ಸಾಲುಗಳಲ್ಲಿ ಉತ್ತರ ಬರೆದು ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಒಮ್ಮೆ ಈ ಲೆಕ್ಕವನ್ನು ಹಲಗೆಯ ಮೇಲೆ ಬಿಡಿಸುತ್ತಿದ್ದಾಗ ನನ್ನ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸಾರ್, ಸಿನಿಮಾದಲ್ಲಿ ತೋರಿಸುವ ದೊಡ್ಡ ಮ್ಯಾಗ್ನಮ್ ರಿವಾಲ್ವರಿನ ಏಟು ತಗುಲಿದವನು ಹಾರಿ ಗೋಡೆಗೆ ಬಡಿದು ಬೀಳುತ್ತಾನಲ್ಲ, ಹೊಡೆದವನಿಗೆ ಮಾತ್ರ ಏನೂ ಆಗುವುದಿಲ್ಲವೆ?" ಎಂದು ಕೇಳಿದ. ತರಗತಿ ನಕ್ಕಿತು. ಆದರೆ ಅದು ನಗುವಂಥ ಪ್ರಶ್ನೆಯಾಗಿರಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗುಂಡನ್ನು ಹಾರಿಸಿದ ಆ ಯಂತ್ರಕ್ಕೆ ಏನಾಗುತ್ತದೆ ಎಂದು ಕೇಳಿದ್ದರೆ ಆತ ಒಂದೂವರೆ ಶತಮಾನದ ಯಂತ್ರಶಿಲ್ಪಿಗಳ ತಲೆನೋವನ್ನೇ ಮುಟ್ಟಿದಂತಾಗುತ್ತಿತ್ತು.

ರಿವಾಲ್ವರು ಅತ್ಯಂತ ನಂಬಿಗಸ್ತ ಆಯುಧವೆಂಬ ಮಾತು ಬಹಳ ಹಳೆಯದು. ದೊಡ್ಡ ರಿವಾಲ್ವರು ಇನ್ನಷ್ಟು ನಂಬಿಗಸ್ತವೆಂದು ಅನೇಕರು ಭಾವಿಸುತ್ತಾರೆ. ಈ ಎರಡು ಮಾತುಗಳಲ್ಲಿ ಮೊದಲನೆಯದು ಬಹುಮಟ್ಟಿಗೆ ನಿಜ. ಎರಡನೆಯದು ಪರೀಕ್ಷೆಗೆ ಒಳಪಡಬೇಕಾದ ಮಾತು. ಆ ಪರೀಕ್ಷೆಯನ್ನು ಈಗ ನಡೆಸೋಣ.

ರಿವಾಲ್ವರು ಎಂಬ ಯಂತ್ರ

ರಿವಾಲ್ವರಿನ ಹೃದಯವೆಂದರೆ ಅದರ ಉರುಳೆ. ಈ ಉಕ್ಕಿನ ಉರುಳೆಯಲ್ಲಿ ಸಾಮಾನ್ಯವಾಗಿ ಆರು ಗೂಡುಗಳು ಕೊರೆದಿರುತ್ತವೆ. ಒಂದೊಂದು ಗೂಡಿನಲ್ಲಿಯೂ ಒಂದೊಂದು ತೋಟಾ. ತೋಟಾ ಎಂದರೆ ಹಿತ್ತಾಳೆಯ ಕೊಳವೆ. ಅದರ ತಳದಲ್ಲಿ ಕೇಪು, ನಡುವೆ ಮದ್ದು, ಬಾಯಲ್ಲಿ ಬಿಗಿಯಾಗಿ ಕೂಡಿಸಿದ ಗುಂಡು. ಟ್ರಿಗರನ್ನು ಎಳೆದಾಗ, ಇಲ್ಲವೆ ಹ್ಯಾಮರನ್ನು ಹಿಂದಕ್ಕೆ ಮೀಟಿದಾಗ, ಸಣ್ಣ ಕೈಯೊಂದು ಉರುಳೆಯನ್ನು ತಳ್ಳಿ ಒಂದು ಗೂಡಿನಷ್ಟು ತಿರುಗಿಸುತ್ತದೆ. ಹೊಸ ಗೂಡು ನಳಿಗೆಯ ನೇರಕ್ಕೆ ಬಂದೊಡನೆ ಕೆಳಗಿನಿಂದ ತಡೆಮೊಳೆಯೊಂದು ಎದ್ದು ಉರುಳೆಯ ಮೇಲಣ ಕಚ್ಚಿನೊಳಗೆ ಸೇರಿ ಅದನ್ನು ಅಲುಗದಂತೆ ಹಿಡಿಯುತ್ತದೆ. ಆಗ ಹ್ಯಾಮರು ಬೀಳುತ್ತದೆ, ಕೇಪು ಸಿಡಿಯುತ್ತದೆ, ಗುಂಡು ಹೊರಡುತ್ತದೆ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಸ್ವಯಂಚಾಲಿತ ಪಿಸ್ತೂಲಿನಲ್ಲಿ ಒಂದು ತೋಟಾ ಸಿಡಿದ ಶಕ್ತಿಯಿಂದಲೇ ಮುಂದಿನ ತೋಟಾ ಮೇಲಕ್ಕೆ ಬರಬೇಕು. ನಡುವೆ ಒಂದು ತೋಟಾ ಠುಸ್ಸೆಂದರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ. ರಿವಾಲ್ವರಿನಲ್ಲಿ ಉರುಳೆಯನ್ನು ತಿರುಗಿಸುವುದು ಮನುಷ್ಯನ ಬೆರಳು. ಒಂದು ತೋಟಾ ಸಿಡಿಯದಿದ್ದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರೆ ಸಾಕು, ಮತ್ತೊಂದು ತೋಟಾ ಎದುರಿಗೆ ಬಂದು ನಿಲ್ಲುತ್ತದೆ. ರಿವಾಲ್ವರಿನ ಕೀರ್ತಿಗೆ ಮೂಲಕಾರಣ ಇದು. ಆದರೆ ಈ ಕೀರ್ತಿಗೆ ಒಂದು ಷರತ್ತುಂಟು: ಉರುಳೆ ತಿರುಗಬೇಕು. ಉರುಳೆಯೇ ಸಿಕ್ಕಿಕೊಂಡು ನಿಂತರೆ, ಪಿಸ್ತೂಲಿನ ತೊಡಕನ್ನು ಕೈಯಲ್ಲಿಯೇ ಬಿಡಿಸಿದ ಹಾಗೆ ಇದನ್ನು ಬಿಡಿಸಲು ಬಹುತೇಕ ಬರುವುದಿಲ್ಲ. ಹಲವು ಸಲ ಸಲಕರಣೆಗಳೂ ಶಾಂತವಾದ ಮೇಜೂ ಬೇಕಾಗುತ್ತವೆ. ಅಲಾಸ್ಕದ ಕಾಡಿನಲ್ಲಿ ಕರಡಿಯ ಭಯದಿಂದ ಇಂಥ ರಿವಾಲ್ವರನ್ನು ಸೊಂಟಕ್ಕೆ ಕಟ್ಟಿಕೊಂಡು ಹೋಗುವವನಿಗೆ ಆ ಗಳಿಗೆಯಲ್ಲಿ ಎರಡೂ ಇರುವುದಿಲ್ಲ. ಆದ್ದರಿಂದ ಅವನ ಮಟ್ಟಿಗೆ ನಂಬಿಕೆಯ ಪ್ರಶ್ನೆ ಪ್ರಾಣದ ಪ್ರಶ್ನೆಯೇ ಸರಿ.

ಮೊದಲ ಪಾಠ: ೧೮೪೭

ಅಮೆರಿಕದ ಸ್ಯಾಮ್ಯುಅಲ್ ಕೋಲ್ಟ್ ತನ್ನ ತಿರುಗುವ ಉರುಳೆಯ ಆಯುಧಕ್ಕೆ ಆ ದೇಶದ ಪೇಟೆಂಟನ್ನು ಪಡೆದದ್ದು ೧೮೩೬ರಲ್ಲಿ. ಹನ್ನೊಂದು ವರ್ಷಗಳ ತರುವಾಯ, ಕ್ಯಾಪ್ಟನ್ ಸ್ಯಾಮ್ಯುಅಲ್ ವಾಕರನ ಸಲಹೆಯಂತೆ, ಕುದುರೆ ಸವಾರರಿಗಾಗಿ ಆತ ಒಂದು ಭಾರಿ ರಿವಾಲ್ವರನ್ನು ತಯಾರಿಸಿದ. ವಾಕರ್ ಕೋಲ್ಟ್ ಎಂದು ಹೆಸರಾದ ಆ ಆಯುಧದ ತೂಕ ಸುಮಾರು ೨ ಕಿಲೋಗ್ರಾಂ. ಆಗ ಇನ್ನೂ ಹಿತ್ತಾಳೆಯ ತೋಟಾ ಬಂದಿರಲಿಲ್ಲ. ಗೂಡಿನೊಳಕ್ಕೆ ಕರಿಮದ್ದನ್ನು ಸುರಿದು, ಮೇಲೆ ಗುಂಡನ್ನಿಟ್ಟು, ನಳಿಗೆಯ ಕೆಳಗಿನ ಸನ್ನೆಕೋಲಿನಿಂದ ಗಿಡಿಯಬೇಕಾಗಿತ್ತು.

ಈ ಪ್ರಚಂಡ ಆಯುಧ ಎರಡು ದೋಷಗಳನ್ನು ತೋರಿಸಿತು. ಅಂದಿನ ಲೋಹ ಅಷ್ಟೊಂದು ಮದ್ದಿನ ಒತ್ತಡವನ್ನು ತಾಳದೆ ಕೆಲವು ಉರುಳೆಗಳು ಸಿಡಿದುಹೋದುವು. ಇದು ಕಣ್ಣಿಗೆ ಕಾಣುವ ದೋಷ. ಎರಡನೆಯದು ಹೆಚ್ಚು ಸ್ವಾರಸ್ಯವಾದದ್ದು. ಗುಂಡು ಹಾರಿದಾಗ ಆಯುಧ ಥಟ್ಟನೆ ಮೇಲಕ್ಕೆ ನೆಗೆಯುತ್ತಿತ್ತು. ಆದರೆ ಕೆಳಗಿನ ಸನ್ನೆಕೋಲು ತನ್ನ ಜಡತ್ವದಿಂದ ಹಿಂದುಳಿದು, ಕೊಂಡಿ ಬಿಟ್ಟು ಕೆಳಕ್ಕೆ ಜೋಲುತ್ತಿತ್ತು. ಅದರ ಕಂಬಿ ಉರುಳೆಯ ಗೂಡಿನೊಳಕ್ಕೆ ತೂರಿ ಉರುಳೆಯನ್ನು ತಿರುಗದಂತೆ ಮಾಡುತ್ತಿತ್ತು. ಮರುವರ್ಷ ಬಂದ ಡ್ರಾಗೂನ್ ಮಾದರಿಯಲ್ಲಿ ಕೋಲ್ಟ್ ಉರುಳೆಯನ್ನು ಚಿಕ್ಕದು ಮಾಡಿ ಮದ್ದಿನ ಅಳತೆಯನ್ನು ತಗ್ಗಿಸಿದ. ಸನ್ನೆಕೋಲಿಗೆ ಒಳ್ಳೆಯ ಕೊಂಡಿಯನ್ನೂ ಹಾಕಿದ.

ಗುಂಡನ್ನು ಮುಂದಕ್ಕೆ ಎಸೆದ ಬಲವೇ ಯಂತ್ರದ ಒಳಗೆ ತಿರುಗಿಬಿದ್ದು ಯಂತ್ರವನ್ನು ನಿಲ್ಲಿಸಿತು. ಮುಂದಿನ ಕಥೆಯೆಲ್ಲ ಈ ಒಂದು ಸಂಗತಿಯ ಪುನರಾವೃತ್ತಿಯೇ ಆಗಿದೆ.

ಮ್ಯಾಗ್ನಮಿನ ಜನನ

ಮ್ಯಾಗ್ನಮ್ ಎಂಬುದು ಲ್ಯಾಟಿನ್ ಮಾತು. ಮಹತ್ತಾದದ್ದು ಎಂದು ಅದರ ಅರ್ಥ. ಷಾಂಪೇನ್ ಮದ್ಯದ ಒಂದೂವರೆ ಲೀಟರಿನ ದೊಡ್ಡ ಸೀಸೆಗೆ ಈ ಹೆಸರಿತ್ತು. ಅದೇ ಬಾಯಳತೆಯ ಮಾಮೂಲಿ ತೋಟಾಕ್ಕಿಂತ ಹೆಚ್ಚು ಮದ್ದು ತುಂಬಿದ ತೋಟಾವನ್ನು ಹೀಗೆ ಕರೆಯುವುದು ಕ್ರಮೇಣ ರೂಢಿಗೆ ಬಂತು.

ರಿವಾಲ್ವರಿಗೆ ಈ ಹೆಸರನ್ನು ತಂದದ್ದು ೧೯೩೫ರಲ್ಲಿ ಸ್ಮಿತ್ ಅಂಡ್ ವೆಸನ್ ಸಂಸ್ಥೆ ಹೊರತಂದ ೩೫೭ ಮ್ಯಾಗ್ನಮ್. ಗುಂಡಿನ ವ್ಯಾಸ ಅಂಗುಲದ ಸಾವಿರದಲ್ಲಿ ೩೫೭ ಪಾಲು, ಎಂದರೆ ಸುಮಾರು ೯ ಮಿಲಿಮೀಟರು. ಪೊಲೀಸರ ಬಳಕೆಯಲ್ಲಿದ್ದ ೩೮ ಸ್ಪೆಷಲ್ ತೋಟಾದ ಗುಂಡಿಗೂ ಇದೇ ವ್ಯಾಸವಿತ್ತೆಂಬುದು ಸೋಜಿಗವಾದರೂ ನಿಜ. ಹಾಗಾದರೆ ಹೊಸ ಬಲಿಷ್ಠ ತೋಟಾವನ್ನು ಯಾರಾದರೂ ತಿಳಿಯದೆ ಹಳೆಯ ದುರ್ಬಲ ರಿವಾಲ್ವರಿಗೆ ತುಂಬಿದರೆ ಗತಿಯೇನು? ಅದಕ್ಕಾಗಿ ಹೊಸ ತೋಟಾದ ಹಿತ್ತಾಳೆಯ ಕೊಳವೆಯನ್ನು ಸುಮಾರು ೩ ಮಿಲಿಮೀಟರಿನಷ್ಟು ಉದ್ದಮಾಡಿದರು. ಹಳೆಯ ಗೂಡಿನೊಳಗೆ ಅದು ಪೂರ್ತಿ ಹೋಗುವುದಿಲ್ಲ, ಉರುಳೆ ಮುಚ್ಚುವುದಿಲ್ಲ. ಎಚ್ಚರಿಕೆಯ ಫಲಕ ಹೇಳಲಾರದ್ದನ್ನು ೩ ಮಿಲಿಮೀಟರು ಹಿತ್ತಾಳೆ ಹೇಳುತ್ತದೆ. ಒಳ್ಳೆಯ ಯಂತ್ರಶಿಲ್ಪದ ಲಕ್ಷಣವಿದು.

ಇದಕ್ಕಿಂತ ದೊಡ್ಡ ಮ್ಯಾಗ್ನಮಿಗಾಗಿ ಹಟ ಹಿಡಿದವನು ಅಮೆರಿಕದ ಐಡಹೋ ಸಂಸ್ಥಾನದ ಎಲ್ಮರ್ ಕೀತ್. ಈತ ದನಕರುಗಳನ್ನು ಸಾಕಿಕೊಂಡು, ಆಯುಧಗಳ ವಿಷಯವಾಗಿ ಬರೆಯುತ್ತಿದ್ದ ಮನುಷ್ಯ. ೧೯೨೫ರಲ್ಲಿ, ಆ ದೇಶದ ಸ್ವಾತಂತ್ರ್ಯೋತ್ಸವದ ದಿನ, ಹಳೆಯ ೪೫ ಕೋಲ್ಟ್ ರಿವಾಲ್ವರಿನಲ್ಲಿ ತಾನೇ ತುಂಬಿದ ಭಾರಿ ತೋಟಾವನ್ನು ಹಾರಿಸಿದಾಗ ಉರುಳೆಯ ಮೇಲ್ಭಾಗವೂ ಚೌಕಟ್ಟಿನ ಮೇಲ್ಪಟ್ಟಿಯೂ ಸಿಡಿದುಹೋದುವು. ಆತ ಬದುಕಿಕೊಂಡ, ಪಾಠವನ್ನೂ ಕಲಿತುಕೊಂಡ. ಉರುಳೆಯ ಹೊರಗಾತ್ರ ಅಷ್ಟೇ ಇರುವಾಗ ಗೂಡು ದೊಡ್ಡದಾದಷ್ಟೂ ಅದರ ಗೋಡೆ ತೆಳುವಾಗುತ್ತದೆ. ಒಳಗಿನ ಒತ್ತಡ ಗೋಡೆಯನ್ನು ಸುತ್ತಲೂ ಹಿಗ್ಗಿಸಿ ಸೀಳಲು ಹವಣಿಸುತ್ತದೆ. ಗೂಡು ಅಗಲವಾದಷ್ಟೂ, ಗೋಡೆ ತೆಳುವಾದಷ್ಟೂ ಆ ಎಳೆತ ಹೆಚ್ಚು. ಆದುದರಿಂದ ಕೀತ್ ೪೫ನ್ನು ಬಿಟ್ಟು, ಸ್ವಲ್ಪ ಕಿರಿದಾದ ೪೪ ಸ್ಪೆಷಲ್ ತೋಟಾವನ್ನು ಹಿಡಿದ. ಮೂವತ್ತು ವರ್ಷಗಳ ಅವನ ಒತ್ತಾಯದ ಫಲವಾಗಿ ೧೯೫೫ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ರೆಮಿಂಗ್ಟನ್ ಸಂಸ್ಥೆಗಳು ಕೂಡಿ ೪೪ ಮ್ಯಾಗ್ನಮನ್ನು ಸಿದ್ಧಪಡಿಸಿದುವು. ಇದರ ತೋಟಾವೂ ತನ್ನ ಹಿರಿಯಣ್ಣನಿಗಿಂತ ಸುಮಾರು ೩ ಮಿಲಿಮೀಟರು ಉದ್ದ. ಕಾರಣ ಮೇಲೆ ಹೇಳಿದ್ದೇ. ಮರುವರ್ಷವೇ ರೂಗರ್ ಸಂಸ್ಥೆಯೂ ಇದೇ ತೋಟಾಕ್ಕಾಗಿ ಬ್ಲ್ಯಾಕ್‌ಹಾಕ್ ಎಂಬ ರಿವಾಲ್ವರನ್ನು ಮಾರುಕಟ್ಟೆಗೆ ತಂದಿತು.

ಸ್ಮಿತ್ ಅಂಡ್ ವೆಸನ್ನಿನ ೪೪ಕ್ಕೆ ೧೯೫೭ರಲ್ಲಿ ಮಾಡೆಲ್ ೨೯ ಎಂಬ ಹೆಸರು ಬಂತು. ೧೯೭೧ರ 'ಡರ್ಟಿ ಹ್ಯಾರಿ' ಎಂಬ ಚಲನಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ಡನ ಕೈಗೆ ಬಂದದ್ದು ಇದೇ. ನನ್ನ ವಿದ್ಯಾರ್ಥಿ ಕೇಳಿದ ಪ್ರಶ್ನೆಯ ಹಿಂದೆ ಇಂಥ ಚಿತ್ರಗಳ ನೆರಳು ಇರುವುದರಲ್ಲಿ ಸಂಶಯವಿಲ್ಲ.

ಹಲಗೆಯ ಮೇಲಿನ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ೪೪ ಮ್ಯಾಗ್ನಮಿನ ಗುಂಡಿನ ದ್ರವ್ಯರಾಶಿ ಸುಮಾರು ೧೫.೬ ಗ್ರಾಂ, ವೇಗ ಸೆಕೆಂಡಿಗೆ ಸುಮಾರು ೪೩೦ ಮೀಟರು. ಇದರ ಚಲನಶಕ್ತಿ ಸುಮಾರು ೧,೪೪೦ ಜೂಲ್. ನಮ್ಮ ದೇಶದಲ್ಲಿ ಕಾನ್ಪುರದ ಕಾರ್ಖಾನೆಯಲ್ಲಿ ತಯಾರಾಗಿ ಪರವಾನಗಿದಾರರ ಕೈಸೇರುವ ೩೨ ಬೋರಿನ ರಿವಾಲ್ವರಿನ ಗುಂಡಿಗೆ ಸುಮಾರು ೧೫೦ ಜೂಲ್ ಇರುತ್ತದೆ. ಎಂದರೆ ೪೪ರ ಶಕ್ತಿ ಅದಕ್ಕೆ ಹತ್ತುಮಡಿಗೆ ಸಮೀಪ.

ಆದರೆ ತಳ್ಳುವ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ಶಕ್ತಿಯಲ್ಲ, ಸಂವೇಗ. ಗುಂಡಿನ ಸಂವೇಗ ೦.೦೧೫೬ನ್ನು ೪೩೦ರಿಂದ ಗುಣಿಸಿದರೆ ಬರುವ ೬.೭ ಮೂಲಮಾನ. ೭೦ ಕಿಲೋಗ್ರಾಂ ತೂಗುವ ಮನುಷ್ಯನ ದೇಹಕ್ಕೆ ಇಷ್ಟು ಸಂವೇಗ ಪೂರ್ತಿಯಾಗಿ ಸೇರಿದರೂ ಅವನಿಗೆ ಬರುವ ವೇಗ ಸೆಕೆಂಡಿಗೆ ಹತ್ತು ಸೆಂಟಿಮೀಟರನ್ನು ಮುಟ್ಟದು. ಹಾರಿ ಗೋಡೆಗೆ ಬೀಳುವ ಮಾತು ಬರಿಯ ನಟನೆ. ಗುಂಡು ಕೊಲ್ಲುವುದು ದೇಹವನ್ನು ಭೇದಿಸಿ, ತಳ್ಳಿಯಲ್ಲ.

ಹೊಡೆದವನ ಕೈಗೆ ಬರುವುದು ಗುಂಡಿನ ಸಂವೇಗದ ಜೊತೆಗೆ, ನಳಿಗೆಯಿಂದ ಹೊರನುಗ್ಗುವ ಬಿಸಿ ಅನಿಲದ ಸಂವೇಗವೂ ಸೇರಿ ಒಟ್ಟು ಸುಮಾರು ೮.೫. ಮಾಡೆಲ್ ೨೯ರ ತೂಕ ಸುಮಾರು ೧.೩೫ ಕಿಲೋಗ್ರಾಂ. ಭಾಗಿಸಿದರೆ ಹಿಂದೊದೆತದ ವೇಗ ಸೆಕೆಂಡಿಗೆ ೬.೩ ಮೀಟರು, ಅದರ ಶಕ್ತಿ ಸುಮಾರು ೨೭ ಜೂಲ್. ಇದೇ ರೀತಿಯಲ್ಲಿ ೧.೨ ಕಿಲೋಗ್ರಾಮಿನ ೩೫೭ಕ್ಕೆ ಲೆಕ್ಕ ಹಾಕಿದರೆ ೧೧ ಜೂಲ್ ಮಾತ್ರ ಬರುತ್ತದೆ. ಗುಂಡಿನ ಶಕ್ತಿ ಎರಡುಮಡಿಯಾದರೆ ಹಿಂದೊದೆತ ಎರಡೂವರೆ ಮಡಿಯಾಯಿತು.

ಇನ್ನು ಬಲದ ವಿಚಾರ. ೪೪ ಮ್ಯಾಗ್ನಮಿಗೆ ಅಮೆರಿಕದ ಕೈಗಾರಿಕಾ ಪ್ರಮಾಣ ಒಪ್ಪುವ ಗರಿಷ್ಠ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ೨,೪೫೦ ಮಡಿ. ೧೧ ಮಿಲಿಮೀಟರಿಗೆ ತುಸು ಕಡಿಮೆ ವ್ಯಾಸವುಳ್ಳ ಗುಂಡಿನ ತಳದ ಮೇಲೆ ಈ ಒತ್ತಡ ಹೇರುವ ಬಲ ೨೩,೦೦೦ ನ್ಯೂಟನ್, ಎಂದರೆ ಎರಡು ಟನ್ನಿಗೂ ಮೀರಿದ ಭಾರ. ಅಷ್ಟೇ ಬಲ ಹಿಮ್ಮುಖವಾಗಿ ರಿವಾಲ್ವರಿನ ಮೇಲೆಯೂ ಬೀಳುತ್ತದೆ. ೧.೩೫ ಕಿಲೋಗ್ರಾಮಿನ ವಸ್ತುವಿಗೆ ಅದು ಕೊಡುವ ವೇಗೋತ್ಕರ್ಷ, ಶಿಖರ ಮುಟ್ಟಿದ ಕ್ಷಣದಲ್ಲಿ, ಗುರುತ್ವದ ಸುಮಾರು ೧,೭೦೦ ಮಡಿ! ಗುಂಡು ನಳಿಗೆಯಲ್ಲಿರುವ ಕಾಲ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅಷ್ಟರಲ್ಲಿ ಹಿಡಿದ ಕೈ ಅದನ್ನು ತಡೆಯುವಷ್ಟು ಏನನ್ನೂ ಮಾಡಲಾರದು. ಒಳಗಿನ ಪ್ರತಿಯೊಂದು ಬಿಡಿಭಾಗವೂ, ಎಷ್ಟೇ ಚಿಕ್ಕದಿರಲಿ, ಆ ಕ್ಷಣದಲ್ಲಿ ತನ್ನ ತೂಕದ ಸಾವಿರಾರು ಮಡಿ ಭಾರವಾಗಿ ವರ್ತಿಸುತ್ತದೆ.

ಕೊಡಲಿಯ ಕಾವು ಮತ್ತು ಸಿಕ್ಕಿಬಿದ್ದ ಉರುಳೆ

ಹಳ್ಳಿಯಲ್ಲಿ ಕೊಡಲಿಗೆ ಕಾವು ಹಾಕುವುದನ್ನು ನೀವು ನೋಡಿರಬಹುದು. ಕಾವನ್ನು ಕೊಡಲಿಯ ಕಣ್ಣಿಗೆ ಸೇರಿಸಿ, ಕೊಡಲಿಯನ್ನು ಮೇಲುಮಾಡಿ ಹಿಡಿದು, ಕಾವಿನ ಕೆಳತುದಿಯನ್ನು ಕಲ್ಲಿನ ಮೇಲೆ ಕುಟ್ಟುತ್ತಾರೆ. ಕಾವು ಥಟ್ಟನೆ ನಿಲ್ಲುತ್ತದೆ. ಭಾರವಾದ ಕೊಡಲಿ ಮಾತ್ರ ತನ್ನ ಜಡತ್ವದಿಂದ ಕೆಳಕ್ಕೆ ಸರಿಯುತ್ತ ಬಿಗಿಯಾಗುತ್ತದೆ. ಕೊಡಲಿಯನ್ನು ಯಾರೂ ಮುಟ್ಟುವುದಿಲ್ಲ. ಆದರೂ ಅದು ಕಾವಿನ ಮೇಲೆ ಸರಿಯುತ್ತದೆ.

ರಿವಾಲ್ವರಿನಲ್ಲಿ ಇದೇ ನಿಯಮ ಕೆಡುಕನ್ನು ಮಾಡುತ್ತದೆ. ಒಂದು ಗೂಡಿನ ತೋಟಾ ಸಿಡಿದಾಗ ಉಳಿದ ಐದು ಗೂಡುಗಳ ತೋಟಾಗಳೂ ಉರುಳೆಯೊಡನೆ ಹಿಂದಕ್ಕೆ ಎಳೆಯಲ್ಪಡುತ್ತವೆ. ಹಿತ್ತಾಳೆಯ ಕೊಳವೆ ತನ್ನ ಅಂಚಿನಿಂದಾಗಿ ಉರುಳೆಯ ಜೊತೆಗೆ ಹೋಗಲೇಬೇಕು. ಆದರೆ ಅದರ ಬಾಯಲ್ಲಿರುವ ಭಾರವಾದ ಗುಂಡು ಇದ್ದಲ್ಲಿಯೇ ಇರಲು ಬಯಸುತ್ತದೆ. ಕೊಳವೆಯ ಬಾಯಿಯನ್ನು ಒಳಕ್ಕೆ ಮಡಿಸಿ ಗುಂಡನ್ನು ಕಚ್ಚಿಸಿರುತ್ತಾರಷ್ಟೆ. ಆ ಕಚ್ಚು ತಡೆಯಬೇಕಾದ ಎಳೆತವೆಷ್ಟು? ೩೫೭ರಲ್ಲಿ ಶಿಖರದ ಕ್ಷಣದಲ್ಲಿ ಹದಿಮೂರು ಹದಿನಾಲ್ಕು ಕಿಲೋಗ್ರಾಂ ಭಾರದಷ್ಟು. ಮಾಡೆಲ್ ೨೯ರಲ್ಲಿ ಸುಮಾರು ೨೭ ಕಿಲೋಗ್ರಾಂ. ಕೊನೆಯ ತೋಟಾ ಈ ಎಳೆತವನ್ನು ತನ್ನ ಸರದಿ ಬರುವ ಮೊದಲು ಐದು ಸಲ ಸಹಿಸಬೇಕು. ಕಚ್ಚು ಸಡಿಲಿದರೆ ಗುಂಡು ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿದು ಉರುಳೆಯ ಮೂತಿಯಿಂದ ಹೊರಗೆ ಇಣುಕುತ್ತದೆ. ನಳಿಗೆಯ ಹಿಂಭಾಗಕ್ಕೆ ತಾಗಿ ಉರುಳೆಯನ್ನು ಕಟ್ಟಿಹಾಕುತ್ತದೆ. ವಾಕರ್ ಕೋಲ್ಟಿನ ಸನ್ನೆಕೋಲು ಮಾಡಿದ ಕೆಲಸವನ್ನು ಇಲ್ಲಿ ಗುಂಡೇ ಮಾಡಿತು.

ಹೊರುವವನ ಸುಖಕ್ಕಾಗಿ ರಿವಾಲ್ವರನ್ನು ಹಗುರಮಾಡಿದರೆ? ೨೦೦೩ರ ಸುಮಾರಿಗೆ ಸ್ಮಿತ್ ಅಂಡ್ ವೆಸನ್, ಸ್ಕ್ಯಾಂಡಿಯಂ ಬೆರೆಸಿದ ಅಲ್ಯೂಮಿನಿಯಂ ಚೌಕಟ್ಟು ಮತ್ತು ಟೈಟೇನಿಯಂ ಉರುಳೆಯುಳ್ಳ ೪೪ ಮ್ಯಾಗ್ನಮ್ ಒಂದನ್ನು ತಂದಿತು. ತೂಕ ಸುಮಾರು ೭೧೦ ಗ್ರಾಂ. ಸಂವೇಗ ಹಳೆಯದೇ, ದ್ರವ್ಯರಾಶಿ ಅರ್ಧ. ಆದ್ದರಿಂದ ಹಿಂದೊದೆತದ ವೇಗವೂ ಶಕ್ತಿಯೂ ಸರಿಸುಮಾರು ಎರಡುಮಡಿ. ಗುಂಡಿನ ಮೇಲಣ ಎಳೆತವೂ ೫೦ ಕಿಲೋಗ್ರಾಮನ್ನು ದಾಟುತ್ತದೆ. ಭಾರಿ ರಿವಾಲ್ವರಿನಲ್ಲಿ ಯಾವ ತಕರಾರನ್ನೂ ಮಾಡದ ತೋಟಾ ಹಗುರವಾದ ರಿವಾಲ್ವರಿನಲ್ಲಿ ಸರಿಯಬಹುದು. ತೂಕವೆಂಬುದು ಇಲ್ಲಿ ಹೊರೆಯಲ್ಲ, ಯಂತ್ರದ ಒಂದು ಅಂಗ.

ಎರಡು ಮನೆತನಗಳ ಹೋಲಿಕೆ

೧೯೭೬ರಲ್ಲಿ ಅಮೆರಿಕದಲ್ಲಿ ಲೋಹದ ಪ್ರಾಣಿಯಾಕೃತಿಗಳನ್ನು ಕೈಬಂದೂಕಿನಿಂದ ಹೊಡೆದುರುಳಿಸುವ ಸ್ಪರ್ಧೆಗೆ ಒಂದು ಸಂಘ ಹುಟ್ಟಿತು. ೨೦೦ ಮೀಟರು ದೂರದ ಉಕ್ಕಿನ ಟಗರು ಗುಂಡು ತಾಗಿದರೆ ಸಾಲದು, ಉರುಳಬೇಕು. ಸ್ಪರ್ಧಾಳುಗಳು ಭಾರಿ ತೋಟಾಗಳನ್ನು ಸಾವಿರಗಟ್ಟಲೆ ಹಾರಿಸತೊಡಗಿದರು. ಬೇಟೆಗಾರ ಜೀವಮಾನದಲ್ಲಿ ಹಾರಿಸುವಷ್ಟನ್ನು ಇವರು ಒಂದು ಋತುವಿನಲ್ಲಿ ಹಾರಿಸಿದರೆಂದರೂ ತಪ್ಪಾಗಲಾರದು. ಆಗ ಮಾಡೆಲ್ ೨೯ರ ಒಂದು ದೌರ್ಬಲ್ಯ ಬೆಳಕಿಗೆ ಬಂತು. ರಿವಾಲ್ವರು ಮೇಲಕ್ಕೆ ನೆಗೆಯುವಾಗ ಕೆಳಗಿನ ತಡೆಮೊಳೆ ಜಡತ್ವದಿಂದ ಹಿಂದುಳಿದು ಉರುಳೆಯ ಕಚ್ಚಿನಿಂದ ಕಳಚಿಕೊಳ್ಳುತ್ತಿತ್ತು. ಹಿಡಿತ ತಪ್ಪಿದ ಉರುಳೆ ಹಿಂದಕ್ಕೆ ತಿರುಗುತ್ತಿತ್ತು. ಮುಂದಿನ ಸಲ ಹ್ಯಾಮರು ಬೀಳುತ್ತಿದ್ದದ್ದು ಆಗಲೇ ಸುಟ್ಟ ತೋಟಾದ ಮೇಲೆ. ೧೯೮೦ರ ದಶಕದ ಕೊನೆಯ ಹೊತ್ತಿಗೆ ಸಂಸ್ಥೆ ಉರುಳೆಯ ಕಚ್ಚುಗಳನ್ನು ಉದ್ದಗೊಳಿಸಿ, ತಡೆಮೊಳೆ ಸುಲಭವಾಗಿ ಕಳಚಿಕೊಳ್ಳದಂತೆ ಒಳರಚನೆಯನ್ನು ತಿದ್ದಿತು.

ರೂಗರ್ ಸಂಸ್ಥೆಯ ದಾರಿ ಬೇರೆ. ೧೯೫೯ರ ಸೂಪರ್ ಬ್ಲ್ಯಾಕ್‌ಹಾಕ್ ಹಳೆಯ ಪದ್ಧತಿಯ ಆಯುಧ. ಉರುಳೆ ಪಕ್ಕಕ್ಕೆ ತೆರೆದುಕೊಳ್ಳುವುದಿಲ್ಲ, ತೋಟಾಗಳನ್ನು ಒಂದೊಂದಾಗಿ ತುಂಬಿ ಒಂದೊಂದಾಗಿ ಕಂಬಿಯಿಂದ ತಳ್ಳಬೇಕು. ನಿಧಾನವೆಂಬುದು ಇದರ ದೋಷ. ಆದರೆ ಪಕ್ಕಕ್ಕೆ ತೆರೆಯುವ ಉರುಳೆಗಳ ಹಿಂದೆ, ಸುಟ್ಟ ಕೊಳವೆಗಳನ್ನು ಒಟ್ಟಿಗೆ ಹೊರದೂಡಲು ನಕ್ಷತ್ರಾಕಾರದ ಬಿಲ್ಲೆಯೊಂದಿರುತ್ತದೆ. ಅದರ ಅಡಿಗೆ ಸುಡದ ಮದ್ದಿನ ಒಂದೆರಡು ಕಣ ಸಿಕ್ಕಿಕೊಂಡರೂ ಉರುಳೆ ಮುಚ್ಚುವುದು ಕಷ್ಟ. ಹಳೆಯ ಪದ್ಧತಿಯಲ್ಲಿ ಬಿಲ್ಲೆಯೇ ಇಲ್ಲ. ಇಲ್ಲದ ಭಾಗ ಕೆಡುವುದಿಲ್ಲ. ೧೯೭೯ರಲ್ಲಿ ಬಂದ ರೆಡ್‌ಹಾಕ್ ಪಕ್ಕಕ್ಕೆ ತೆರೆಯುವ ಮಾದರಿ. ಮಾಡೆಲ್ ೨೯ರ ಚೌಕಟ್ಟಿನ ಒಂದು ಬದಿಯಲ್ಲಿ ಬಿಚ್ಚಬಹುದಾದ ಫಲಕವಿದೆ. ರೆಡ್‌ಹಾಕಿನ ಚೌಕಟ್ಟು ಎರಡು ಬದಿಯೂ ಇಡಿಯಾದದ್ದು. ಉರುಳೆಯನ್ನು ಹೊತ್ತ ತೋಳು ಮುಂದುಗಡೆ ನೇರವಾಗಿ ಚೌಕಟ್ಟಿಗೇ ಬಂಧಿತವಾಗುತ್ತದೆ. ಏಳೂವರೆ ಅಂಗುಲದ ನಳಿಗೆಯೊಡನೆ ಇದರ ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಮಾಡೆಲ್ ೨೯ರ ನಯವಾದ ಟ್ರಿಗರೂ ಅಂದವಾದ ರೂಪವೂ ಇದಕ್ಕಿಲ್ಲ. ಆದರೆ ಭಾರಿ ತೋಟಾಗಳನ್ನು ಬಹುಕಾಲ ಸಹಿಸಬೇಕೆಂದಾಗ ರೆಡ್‌ಹಾಕಿನ ಒಡ್ಡುತನವೇ ಅದರ ಗುಣವಾಗುತ್ತದೆ. ಒಂದು ಸಂಸ್ಥೆ ತನ್ನ ಸೊಗಸಾದ ಚೌಕಟ್ಟನ್ನು ತಿದ್ದುತ್ತ ಬಂತು. ಇನ್ನೊಂದು ಆ ತೋಟಾವನ್ನೇ ಮುಂದಿಟ್ಟುಕೊಂಡು ಚೌಕಟ್ಟನ್ನು ದಪ್ಪಗೆ ಕಟ್ಟಿತು.

ನಂಬಿಕೆಗೆ ಇನ್ನೊಂದು ಮುಖವೂ ಉಂಟು. ಬೇಕೆಂದಾಗ ಹಾರಬೇಕು, ಬೇಡವೆಂದಾಗ ಹಾರಲೇಬಾರದು. ಹಳೆಯ ಮಾದರಿಗಳಲ್ಲಿ ಹ್ಯಾಮರು ಕೇಪಿನ ಮೇಲೆಯೇ ಒರಗಿರುತ್ತಿದ್ದುದರಿಂದ ಆಯುಧ ಕೈತಪ್ಪಿ ಬಿದ್ದರೆ ಗುಂಡು ಹಾರುವ ಅಪಾಯವಿತ್ತು; ಬಲ್ಲವರು ಒಂದು ಗೂಡನ್ನು ಬರಿದಾಗಿ ಬಿಡುತ್ತಿದ್ದರು. ೧೯೭೩ರಲ್ಲಿ ರೂಗರ್ ಹ್ಯಾಮರಿಗೂ ಸೂಜಿಗೂ ನಡುವೆ ಒಂದು ಉಕ್ಕಿನ ಪಟ್ಟಿಯನ್ನು ತಂದಿತು. ಟ್ರಿಗರನ್ನು ಎಳೆದು ಹಿಡಿದಿದ್ದರೆ ಮಾತ್ರ ಆ ಪಟ್ಟಿ ಮೇಲೆದ್ದು ಏಟನ್ನು ದಾಟಿಸುತ್ತದೆ. ಇಲ್ಲದಿದ್ದರೆ ಹ್ಯಾಮರು ಸೂಜಿಯನ್ನು ಮುಟ್ಟುವುದೇ ಇಲ್ಲ.

ಕೂದಲೆಳೆಯ ಸಂದು

ಉರುಳೆ ತಿರುಗಬೇಕಾದರೆ ಅದಕ್ಕೂ ನಳಿಗೆಗೂ ನಡುವೆ ಸಂದು ಇರಲೇಬೇಕು. ಅದರ ಅಗಲ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತರಲ್ಲಿ ಒಂದರಿಂದ ಎರಡು ಭಾಗ. ಸಂದು ಹೆಚ್ಚಾದರೆ ಅನಿಲ ಸೋರುತ್ತದೆ. ಕಡಿಮೆಯಾದರೆ? ಸುಮಾರು ೪೪ ಮಿಲಿಮೀಟರು ಉದ್ದದ ಉಕ್ಕಿನ ಉರುಳೆ ೧೦೦ ಡಿಗ್ರಿಯಷ್ಟು ಬಿಸಿಯೇರಿದರೆ ೦.೦೫ ಮಿಲಿಮೀಟರು ಹಿಗ್ಗುತ್ತದೆ. ಸಂದಿನ ಮೂರನೆಯ ಒಂದು ಭಾಗವೋ ಅರ್ಧವೋ ಅಲ್ಲಿಗೆ ಹೋಯಿತು. ಉಳಿದದ್ದನ್ನು ಮದ್ದಿನ ಕಿಟ್ಟ ತುಂಬಿದರೆ ಉರುಳೆ ಉಜ್ಜತೊಡಗುತ್ತದೆ.

ಆ ಸಂದಿನಿಂದ ಚಿಮ್ಮುವ ಅನಿಲ ಎಷ್ಟು ಉಗ್ರವೆಂಬುದನ್ನು ರೂಗರ್ ಸಂಸ್ಥೆ ೧೯೮೩ರ ಸುಮಾರಿಗೆ ಕಂಡುಕೊಂಡಿತು. ೩೫೭ ಮ್ಯಾಗ್ನಮನ್ನು ಇನ್ನೂ ಉದ್ದಮಾಡಿ ೩೫೭ ಮ್ಯಾಕ್ಸಿಮಮ್ ಎಂಬ ತೋಟಾವನ್ನೂ ಅದಕ್ಕೆ ತಕ್ಕ ರಿವಾಲ್ವರನ್ನೂ ಹೊರತರಲಾಯಿತು. ಹಗುರವಾದ ಗುಂಡುಗಳನ್ನು ಅತಿವೇಗದಿಂದ ಹಾರಿಸಿದಾಗ ಸಂದಿನ ಮೇಲಿರುವ ಚೌಕಟ್ಟಿನ ಉಕ್ಕನ್ನೇ ಅನಿಲದ ಅಲಗು ಕೊರೆಯತೊಡಗಿತು. ಆ ಕೊರೆತ ಸ್ವಲ್ಪ ಆಳಕ್ಕೆ ಹೋಗಿ ತಾನಾಗಿ ನಿಲ್ಲುವಂಥದ್ದಾದರೂ, ಸಂಸ್ಥೆ ಬಹುಬೇಗ ಆ ಮಾದರಿಯ ತಯಾರಿಕೆಯನ್ನು ನಿಲ್ಲಿಸಿತು.

ಐದು ಗೂಡುಗಳ ರೇಖಾಗಣಿತ

ಇನ್ನೂ ಹೆಚ್ಚಿನ ಬಲ ಬೇಕೆಂದವರು ಆರನೆಯ ತೋಟಾವನ್ನು ತ್ಯಾಗಮಾಡಬೇಕಾಯಿತು. ಡಿಕ್ ಕಸುಲ್ ೧೯೫೦ರ ದಶಕದಲ್ಲಿ ಆರಂಭಿಸಿದ ಪ್ರಯೋಗಗಳ ಫಲವಾದ ೪೫೪ ಕಸುಲ್ ತೋಟಾಕ್ಕೆ ೧೯೮೩ರಲ್ಲಿ ವಯೋಮಿಂಗಿನ ಫ್ರೀಡಂ ಆರ್ಮ್ಸ್ ಸಂಸ್ಥೆ ರಿವಾಲ್ವರನ್ನು ತಯಾರಿಸಿತು. ಇದರ ಗರಿಷ್ಠ ಒತ್ತಡ ಸುಮಾರು ೪,೪೦೦ ವಾಯುಮಂಡಲ. ಉರುಳೆಯಲ್ಲಿ ಐದೇ ಗೂಡುಗಳು. ಏಕೆ? ಒಂದು ವೃತ್ತದೊಳಗೆ ಸಮಷಡ್ಭುಜವನ್ನು ಬರೆದರೆ ಅದರ ಭುಜ ತ್ರಿಜ್ಯಕ್ಕೆ ಸಮ. ಸಮಪಂಚಭುಜವನ್ನು ಬರೆದರೆ ಭುಜ ತ್ರಿಜ್ಯದ ೧.೧೮ ಮಡಿ. ಗೂಡುಗಳ ಕೇಂದ್ರಗಳು ಅಷ್ಟು ದೂರ ಸರಿಯುತ್ತವೆ. ನಡುವಣ ಗೋಡೆ ದಪ್ಪವಾಗುತ್ತದೆ. ಇನ್ನೊಂದು ಲಾಭವೂ ಇದೆ. ತಡೆಮೊಳೆ ಸೇರುವ ಕಚ್ಚು ಆರು ಗೂ​ಡಿನ ಉರುಳೆಯಲ್ಲಿ ಗೂಡಿನ ಅತಿ ತೆಳುವಾದ ಹೊರಗೋಡೆಯ ಹತ್ತಿರ ಬರುತ್ತದೆ. ಐದು ಗೂಡಿನದರಲ್ಲಿ ಅದು ಎರಡು ಗೂಡುಗಳ ನಡುವಿನ ದಪ್ಪ ಉಕ್ಕಿನಲ್ಲಿ ಬೀಳುತ್ತದೆ. ಕೀತ್ ೧೯೨೫ರಲ್ಲಿ ಕಲಿತ ಪಾಠಕ್ಕೆ ಇದು ರೇಖಾಗಣಿತದ ಉತ್ತರ.

೨೦೦೩ರಲ್ಲಿ ಸ್ಮಿತ್ ಅಂಡ್ ವೆಸನ್ ತಂದ ೫೦೦ ಮ್ಯಾಗ್ನಮ್ ಕೂಡ ಐದೇ ಗೂಡುಗಳದ್ದು. ಅರ್ಧ ಅಂಗುಲ ವ್ಯಾಸದ ಗುಂಡು. ಸುಮಾರು ೩,೫೦೦ ಜೂಲಿನ ಚಲನಶಕ್ತಿ. ಈ ಸಲ ಸಂಸ್ಥೆ ಹಳೆಯ ಚೌಕಟ್ಟನ್ನು ತಿದ್ದಲು ಹೋಗದೆ ಹೊಚ್ಚಹೊಸದಾದ ಬೃಹತ್ ಚೌಕಟ್ಟನ್ನು ರಚಿಸಿ, ಉರುಳೆಯ ತೋಳಿಗೆ ಮುಂದುಗಡೆಯೂ ಹಿಡಿತ ಕೊಟ್ಟಿತು. ಎಂಟು ಅಂಗುಲಕ್ಕೂ ಉದ್ದವಾದ ನಳಿಗೆಯ ಮೊದಲ ಮಾದರಿಯ ತೂಕ ಸುಮಾರು ೨ ಕಿಲೋಗ್ರಾಂ.

ಓದುಗರಿಗೆ ಈ ಸಂಖ್ಯೆ ಪರಿಚಿತವೆನಿಸಬೇಕು. ೧೮೪೭ರ ವಾಕರ್ ಕೋಲ್ಟಿನ ತೂಕವೂ ಅಷ್ಟೇ! ೧೫೬ ವರ್ಷಗಳಲ್ಲಿ ಲೋಹ ಬದಲಾಯಿತು, ಮದ್ದು ಬದಲಾಯಿತು, ಯಂತ್ರಗಳು ಬದಲಾದುವು. ಸಂವೇಗದ ನಿಯಮ ಬದಲಾಗಲಿಲ್ಲ, ಮನುಷ್ಯನ ಮಣಿಕಟ್ಟೂ ಬದಲಾಗಲಿಲ್ಲ.

ತೀರ್ಪು

ಇವುಗಳಲ್ಲಿ ಹೆಚ್ಚು ನಂಬಿಗಸ್ತವಾದದ್ದು ಯಾವುದು? ನಂಬಿಕೆಯನ್ನು ಗಣಿತದ ಕಣ್ಣಿನಿಂದ ನೋಡೋಣ. ಒಂದು ಯಂತ್ರದಲ್ಲಿ ಹತ್ತು ಭಾಗಗಳಿದ್ದು, ಒಂದೊಂದೂ ನೂರರಲ್ಲಿ ೯೯ ಸಲ ಸರಿಯಾಗಿ ಕೆಲಸ ಮಾಡುತ್ತದೆಂದು ಭಾವಿಸಿ. ಹತ್ತೂ ಒಟ್ಟಿಗೆ ಸರಿಯಾಗಿರುವ ಸಂಭವ ೦.೯೯ರ ಹತ್ತನೆಯ ಘಾತ, ಎಂದರೆ ನೂರರಲ್ಲಿ ೯೦ ಮಾತ್ರ. ಪ್ರತಿಯೊಂದು ಭಾಗವೂ ಸಾವಿರದಲ್ಲಿ ೯೯೯ ಸಲ ಸರಿಯಾಗಿದ್ದರೆ ಇಡೀ ಯಂತ್ರದ ನಂಬಿಕೆ ನೂರರಲ್ಲಿ ೯೯ಕ್ಕೆ ಏರುತ್ತದೆ. ಯಂತ್ರದ ಭರವಸೆ ಅದರ ಅತ್ಯಂತ ಬಲವಾದ ಭಾಗದಲ್ಲಿಲ್ಲ, ಎಲ್ಲ ಭಾಗಗಳ ಮಿಗಿಲು ಬಲದಲ್ಲಿದೆ. ಬಲವನ್ನು ಹೆಚ್ಚಿಸಿದಾಗಲೆಲ್ಲ ಆ ಮಿಗಿಲು ಕರಗುತ್ತದೆ. ಅದನ್ನು ಮತ್ತೆ ತುಂಬಲು ಉಕ್ಕನ್ನೋ ತೂಕವನ್ನೋ ಒಂದು ಗೂಡನ್ನೋ ತೆರಬೇಕು.

ಆದ್ದರಿಂದ ತೀರ್ಪು ಹೀಗೆ: ಸಾಧಾರಣ ತೂಕದ ಚೌಕಟ್ಟಿನಲ್ಲಿ ೩೫೭ ಹೆಚ್ಚು ನಂಬಿಗಸ್ತ, ೪೪ ಬೇಕಾದವನಿಗೆ ದಪ್ಪವಾದ, ಭಾರವಾದ ಚೌಕಟ್ಟು ಬೇಕು, ಅದಕ್ಕೂ ಮಿಗಿಲಾದದ್ದನ್ನು ಬಯಸುವವನು ಐದು ಗೂಡಿಗೂ ಎರಡು ಕಿಲೋಗ್ರಾಮಿಗೂ ಒಪ್ಪಬೇಕು. ಹಗುರವಾದ ಆಯುಧದಲ್ಲಿ ಭಾರಿ ತೋಟಾ ತುಂಬಿ, ಅದರಿಂದ ನಂಬಿಕೆಯನ್ನೂ ಬಯಸುವವನು ಪ್ರಕೃತಿಯಿಂದ ಸಾಲ ಕೇಳುತ್ತಾನೆ. ಆ ಸಾಲ ತೀರಿಸಬೇಕಾದ ಗಳಿಗೆ ಯಾವಾಗ ಬರುವುದೆಂದು ಹೇಳಬರುವುದಿಲ್ಲ.

ನಮ್ಮ ದೇಶದಲ್ಲಿ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯಿಲ್ಲದೆ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಈ ಲೇಖನವನ್ನು ಓದುವ ಬಹುಮಂದಿ ವಿದ್ಯಾರ್ಥಿಗಳು ಮ್ಯಾಗ್ನಮ್ ರಿವಾಲ್ವರನ್ನು ಕೈಯಲ್ಲಿ ಹಿಡಿಯುವ ಪ್ರಸಂಗ ಬಾರದು, ಬಾರದಿರುವುದೇ ಕ್ಷೇಮ. ಆದರೆ ಅವರಲ್ಲಿ ಕೆಲವರು ಮುಂದೆ ಸೇತುವೆಯನ್ನೋ ಎಂಜಿನ್ನನ್ನೋ ಕಟ್ಟುವರು. ಗುಂಡಿಗೆ ಎಷ್ಟು ಬಲ ಕೊಡುತ್ತೇವೋ ಅಷ್ಟೇ ಬಲ ನಮ್ಮ ಯಂತ್ರದ ಮೇಲೂ ಬೀಳುವುದೆಂಬ ಎರಡು ಸಾಲಿನ ಲೆಕ್ಕ ಆಗ ಅವರ ನೆನಪಿನಲ್ಲಿರಬೇಕು. ಹೊಡೆದವನಿಗೆ ಏನೂ ಆಗುವುದಿಲ್ಲವೆ ಎಂದು ಕೇಳಿದ ಹುಡುಗನಿಗೆ ನಾನು ಕೊಡಬೇಕಾಗಿದ್ದ ಪೂರ್ಣ ಉತ್ತರವೂ ಇದೇ.